ಸ್ಕೂಟರ್ ಟೈರ್ ತೊಂದರೆ: ಹವಾ ಎಲ್ಲಿ ಹೋಗ್ತಿದೆ, ಟೈರ್ ಯಾಕೆ ಸವೀತಿದೆ ಅಂತ ಪತ್ತೆ ಹಚ್ಚೋದು ಹೇಗೆ

"ಹವಾ ಎಷ್ಟ ಹಾಕ್ಲಿರೀ?" ಅಂತ ಪಂಕ್ಚರ್ ಅಂಗಡಿಯವರು ಕೇಳುತ್ತಾರೆ. "ನೋಡಿ ಹಾಕ್ರಿ" ಅಂತ ನಾವು ಹೇಳುತ್ತೇವೆ. ವಿಜಯಪುರದಲ್ಲಿ ಅರ್ಧಕ್ಕರ್ಧ ಸ್ಕೂಟರ್‌ಗಳ ಟೈರ್ ತೊಂದರೆ ಶುರುವಾಗುವುದೇ ಇಲ್ಲಿ ಅಂತ ನನ್ನ ಅಂದಾಜು. ಅವರು ಮುಂದೆ 30, ಹಿಂದೆ 40 ಹಾಕಿ ಕಳಿಸುತ್ತಾರೆ. ತಿಂಗಳುಗಟ್ಟಲೆ ನಾವು ಆ ಕಡೆ ನೋಡುವುದಿಲ್ಲ. ಆಮೇಲೆ ಗಾಡಿ ಅಲ್ಲಾಡಿತು, ಟೈರ್ ಸವೆಯಿತು ಅಂತ ಸೀದಾ ಹೊಸ ಟೈರ್ ಹಾಕಿಸುತ್ತೇವೆ. ಹೊಸ ಟೈರಿನಲ್ಲೂ ಅದೇ ತೊಂದರೆ ಬಂದರೆ ಟೈರ್ ಕಂಪನಿಗೆ ಬೈಯುತ್ತೇವೆ.

ನಿಜವಾದ ದೋಷ ಎಷ್ಟೋ ಸಲ ಹತ್ತಿಪ್ಪತ್ತು ರೂಪಾಯಿಯ ವಾಲ್ವ್ ಪಿನ್‌ನಲ್ಲಿ, ಅಂದರೆ ಹವಾ ತುಂಬುವ ಬಾಯಿಯೊಳಗಿನ ಸಣ್ಣ ಪಿನ್‌ನಲ್ಲಿ ಇರುತ್ತದೆ. ಇಲ್ಲವೇ ರಿಮ್ಮಿನ ತುಕ್ಕಿನಲ್ಲಿ. ಅದಕ್ಕೇ ಖರ್ಚಿಲ್ಲದ ಪರೀಕ್ಷೆ ಮೊದಲು, ಕೈಚೀಲ ಬಿಚ್ಚುವುದು ಕೊನೆಗೆ. ಬೇಕಾಗುವ ಸಾಮಾನು ಮೂರೇ: ಪೆನ್ನಿನಂಥ ಒಂದು ಪ್ರೆಶರ್ ಗೇಜ್, ಸೋಪಿನ ನೀರು, ಮೊಬೈಲ್ ಟಾರ್ಚ್.

ಯಾವ ತೊಂದರೆ ಇದ್ದರೂ ಮೊದಲು ಅಳೆಯಿರಿ

ನಿಮ್ಮ ಗಾಡಿಗೆ ಎಷ್ಟು ಹವಾ ಬೇಕು ಅನ್ನುವುದು ಗಾಡಿಯ ಮೇಲೆ ಅಂಟಿಸಿದ ಸ್ಟಿಕರ್‌ನಲ್ಲಿ ಅಥವಾ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಉದಾಹರಣೆಗೆ ಹೋಂಡಾ ಆಕ್ಟಿವಾಗೆ ಸಾಮಾನ್ಯವಾಗಿ ಮುಂದೆ 22 ಪಿಎಸ್‌ಐ (ಹವಾ ಒತ್ತಡದ ಅಳತೆ), ಹಿಂದೆ ಒಬ್ಬರೇ ಹೋಗುವುದಾದರೆ 29, ಇಬ್ಬರಾದರೆ 36. ಬೇರೆ ಗಾಡಿಗೆ ಬೇರೆ ಲೆಕ್ಕ ಇರಬಹುದು. ಬ್ಯಾಟರಿ ಸ್ಕೂಟರ್ ಆದರಂತೂ ಅದರದೇ ಸ್ಟಿಕರ್ ನೋಡಿ, ಅಂದಾಜು ಬೇಡ.

ಕೆಲವು ಸ್ಟಿಕರ್‌ಗಳಲ್ಲಿ ಪಿಎಸ್‌ಐ ಬದಲು ಕೆಜಿ ಲೆಕ್ಕ ಇರುತ್ತದೆ. ಅದನ್ನು 14ರಿಂದ ಗುಣಿಸಿದರೆ ಹೆಚ್ಚುಕಡಿಮೆ ಪಿಎಸ್‌ಐ ಸಿಗುತ್ತದೆ. 1.50 ಅಂದರೆ 21-22, 2.00 ಅಂದರೆ 28-29, 2.50 ಅಂದರೆ 35-36. ಟೈರಿನ ಗೋಡೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ಪಿಎಸ್‌ಐ ನೋಡಿ ಅಷ್ಟೇ ತುಂಬಿಸುವವರಿದ್ದಾರೆ. ಅದು ಟೈರ್ ತಡೆಯುವ ಗರಿಷ್ಠ ಭಾರಕ್ಕೆ ಸಂಬಂಧಿಸಿದ ಅಂಕಿ. ನಿಮ್ಮ ಗಾಡಿಗೆ ಬೇಕಾದ ಹವಾ ಅಲ್ಲ.

ಅಳೆಯುವುದು ಬೆಳಿಗ್ಗೆ, ಗಾಡಿ ಹೊರಗೆ ತೆಗೆಯುವ ಮೊದಲು. ಟೈರ್ ತಣ್ಣಗಿರಬೇಕು. ನಮ್ಮ ಊರಿನ ಬಿಸಿಲಿಗೆ ಇದು ಬಹಳ ಮುಖ್ಯ. ಟೈರಿನೊಳಗಿನ ಹವಾ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ, ಗಾಂಧಿ ಚೌಕದಲ್ಲಿ ಎರಡು ತಾಸು ಬಿಸಿಲಿಗೆ ನಿಂತ ಗಾಡಿಯ ಗೇಜ್ ಮೂರ್ನಾಲ್ಕು ಪಿಎಸ್‌ಐ ಜಾಸ್ತಿಯೇ ತೋರಿಸುತ್ತದೆ. ಹವಾ ಜಾಸ್ತಿ ಆಗಿದೆ ಅಂತ ಆಗ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ. ಬಿಸಿ ಟೈರಿನ ಹವಾ ಯಾವತ್ತೂ ಬಿಡಬೇಡಿ.

ಇನ್ನೊಂದು ಮಾತು. ಹೆಬ್ಬೆರಳಿನಿಂದ ಒತ್ತಿ ನೋಡುವುದು, ಕಾಲಿನಿಂದ ಒದ್ದು ನೋಡುವುದು ಸ್ಕೂಟರ್ ಟೈರಿಗೆ ಉಪಯೋಗವಿಲ್ಲ. ಸಣ್ಣ ಗಾಲಿ, ದಪ್ಪ ಗೋಡೆ. 18 ಇದ್ದರೂ ಗಟ್ಟಿಯೇ ಅನಿಸುತ್ತದೆ. ಅಂಗಡಿಯ ಗೇಜನ್ನೂ ಪೂರ್ತಿ ನಂಬಬೇಡಿ. ದಿನಕ್ಕೆ ನೂರಾರು ಸಲ ನೆಲಕ್ಕೆ ಬೀಳುವ ಗೇಜ್ ಅದು. ನಿಮ್ಮದೇ ಒಂದು ಗೇಜ್ ಇದ್ದರೆ ಅದು ಒಂದು ಪಿಎಸ್‌ಐ ತಪ್ಪು ತೋರಿಸಿದರೂ ಪ್ರತಿ ಸಲ ಅಷ್ಟೇ ತಪ್ಪು ತೋರಿಸುತ್ತದೆ. ಹವಾ ಇಳಿದಿದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು.

"ಮೂರ್ನಾಲ್ಕು ದಿನಕ್ಕೊಮ್ಮೆ ಹವಾ ಇಳೀತದ"

ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುವುದು ಸಹಜ. ರಬ್ಬರಿನ ಮೂಲಕವೇ ಹವಾ ನಿಧಾನಕ್ಕೆ ಸೋರುತ್ತದೆ. ಬೇಸಿಗೆಯಲ್ಲಿ ತುಂಬಿಸಿ ಸಂಕ್ರಾಂತಿ ಹೊತ್ತಿಗೆ ನೋಡಿದರೆ ಚಳಿಗೇ ಒಂದೆರಡು ಕಡಿಮೆ ಆಗಿರುತ್ತದೆ. ಅದು ದೋಷ ಅಲ್ಲ. ಆದರೆ ವಾರದೊಳಗೆ ಐದು ಪಿಎಸ್‌ಐ ಇಳಿದರೆ ಎಲ್ಲೋ ತೂತಿದೆ.

ಹುಡುಕುವ ಕ್ರಮ ಹೀಗೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಡುವಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಬಂದ್ ಇರಲಿ, ಕೀಲಿ ಕೈಯಲ್ಲಿರಲಿ. ಸೈಲೆನ್ಸರ್ ಆರಿರಬೇಕು. ಹಿಂದಿನ ಗಾಲಿ ನೋಡುವಾಗ ಕೈ ತಾಗುವುದು ಅಲ್ಲೇ. ಸ್ಟಿಕರ್‌ನಲ್ಲಿ ಹೇಳಿದಷ್ಟು ಹವಾ ತುಂಬಿಸಿಕೊಂಡೇ ಹುಡುಕಲು ಕೂರಿ. ಹವಾ ಕಡಿಮೆ ಇದ್ದರೆ ಸಣ್ಣ ತೂತು ಗುಳ್ಳೆ ಬಿಡುವುದಿಲ್ಲ.

ಮೊದಲು ವಾಲ್ವ್ ಬಾಯಿ. ಮುಚ್ಚಳ ತೆಗೆದು ಸೋಪಿನ ನೀರು ಒಂದು ಹನಿ ಬಿಡಿ. ಸೋಪು ಇಲ್ಲದಿದ್ದರೆ ಉಗುಳು ಹಚ್ಚಿದರೂ ನಡೆಯುತ್ತದೆ, ಅಂಗಡಿಯವರು ಮಾಡುವುದೂ ಅದೇ. ಗುಳ್ಳೆ ಉಬ್ಬಿದರೆ ಒಳಗಿನ ಪಿನ್ ಸಡಿಲ ಆಗಿದೆ ಅಥವಾ ಅದರ ರಬ್ಬರ್ ಹೋಗಿದೆ ಅಂತ ಅರ್ಥ. ಪಿನ್ ಬಿಗಿ ಮಾಡಿಸಿ, ನಿಲ್ಲದಿದ್ದರೆ ಬದಲಿಸಿ. ಐದು ನಿಮಿಷದ ಕೆಲಸ. ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿ. ನಮ್ಮ ಎರಿ ಮಣ್ಣಿನ ಧೂಳು ಪಿನ್ ಒಳಗೆ ಕೂತರೆ ಅದು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಆಮೇಲೆ ವಾಲ್ವ್ ಬುಡ. ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ) ಗಾಲಿಯಲ್ಲಿ ವಾಲ್ವ್ ರಬ್ಬರಿನದು, ರಿಮ್ಮಿನ ತೂತಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಬಿಸಿಲಿಗೆ ಅದು ಒಣಗಿ ಸೀಳುತ್ತದೆ. ಮೆಲ್ಲಗೆ ಆ ಕಡೆ ಈ ಕಡೆ ಬಗ್ಗಿಸಿ, ಬುಡಕ್ಕೆ ಸೋಪಿನ ನೀರು ಬಿಟ್ಟು ನೋಡಿ. ನೆಟ್ಟಗಿದ್ದಾಗ ಸುಮ್ಮನಿದ್ದು ಬಗ್ಗಿಸಿದಾಗ ಮಾತ್ರ ಗುಳ್ಳೆ ಬಂದರೆ ಅದೇ ಕಳ್ಳ. ಈ ದೋಷ ಮನೆಯಲ್ಲಿ ನಿಂತಾಗ ಸಿಗುವುದಿಲ್ಲ, ಗಾಡಿ ಓಡುವಾಗ ಮಾತ್ರ ಸೋರುತ್ತದೆ. ಅದಕ್ಕೇ ಜನ ತಿಂಗಳುಗಟ್ಟಲೆ ಹುಡುಕುತ್ತಾರೆ.

ಮೂರನೆಯದು ನೆಲ ಮುಟ್ಟುವ ಭಾಗ. ಗಾಲಿ ನಿಧಾನಕ್ಕೆ ತಿರುಗಿಸುತ್ತಾ ಸುತ್ತಲೂ ಸೋಪಿನ ನೀರು ಹಚ್ಚಿ. ಮೊಳೆಯ ತಲೆ, ಮುಳ್ಳಿನ ತುದಿ, ಹಳೆಯ ಪಂಕ್ಚರ್ ಬತ್ತಿ (ತೂತಿಗೆ ತುರುಕಿದ ರಬ್ಬರ್ ಎಳೆ), ಎಲ್ಲ ನೋಡಿ. ಹಳೆಯ ಬತ್ತಿ ಸೋರುವುದು ಅಪರೂಪವೇನಲ್ಲ.

ಇಲ್ಲೂ ಸಿಗದಿದ್ದರೆ ಟೈರ್ ಮತ್ತು ರಿಮ್ ಸೇರುವ ಅಂಚು. ಎರಡೂ ಬದಿಗೆ ಸುತ್ತಲೂ ನೀರು ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಇಲ್ಲಿನ ಗುಳ್ಳೆ ಸಣ್ಣದು, ನೊರೆಯಂತೆ ನಿಧಾನಕ್ಕೆ ಬರುತ್ತದೆ. ಕಬ್ಬಿಣದ ರಿಮ್ ಆದರೆ ಕಾರಣ ಬಹುತೇಕ ತುಕ್ಕು. ಅಲಾಯ್ ಆದರೆ ಗುಂಡಿಗೆ ಬಿದ್ದು ಅಂಚು ಬಗ್ಗಿರುತ್ತದೆ. ತುಕ್ಕಿಗೆ ಪರಿಹಾರ ಇದೆ: ಟೈರ್ ಬಿಚ್ಚಿಸಿ, ರಿಮ್ಮಿನ ಅಂಚನ್ನು ಎಮೆರಿ ಕಾಗದದಿಂದ ತಿಕ್ಕಿಸಿ, ಒರೆಸಿ, ಮತ್ತೆ ಕೂರಿಸುವುದು. ಬಿಚ್ಚಿದ ಮೇಲೆ ವಾಲ್ವ್ ಕೂಡ ಹೊಸದು ಹಾಕಿಸಿಬಿಡಿ. ಬಗ್ಗಿದ ಅಲಾಯ್‌ಗೆ ಸುತ್ತಿಗೆ ಏಟು ಹಾಕಿ ಸರಿ ಮಾಡುತ್ತೇನೆ ಅಂದರೆ ಒಪ್ಪಬೇಡಿ, ಸೀಳು ಬರುತ್ತದೆ.

"ಟ್ಯೂಬ್ ಹಾಕಿಬಿಡ್ರಿ, ಚಿಂತಿ ಬಿಡ್ರಿ" ಅನ್ನುವ ಸಲಹೆ ಇಲ್ಲಿ ಗ್ಯಾರಂಟಿ ಬರುತ್ತದೆ. ಸೋರಿಕೆ ನಿಲ್ಲುತ್ತದೆ, ನಿಜ. ಆದರೆ ಮುಳ್ಳು ಚುಚ್ಚಿದಾಗ ಹವಾ ನಿಧಾನಕ್ಕೆ ಇಳಿಯುವ ಟ್ಯೂಬ್‌ಲೆಸ್ ಅನುಕೂಲ ಹೋಯಿತು. ಟ್ಯೂಬ್ ಆದರೆ ಹವಾ ಒಂದೇ ಸಲ ಇಳಿದುಹೋಗುತ್ತದೆ. ಊರು ಮುಟ್ಟಲು ತಾತ್ಕಾಲಿಕವಾಗಿ ಸರಿ, ಕಾಯಂ ಆಗಿ ಬೇಡ.

"ಪದೇ ಪದೇ ಪಂಕ್ಚರ್, ಅದೂ ಅದೇ ಜಾಗದಾಗ"

ತಿಕೋಟಾ ಕಡೆಯೋ ಇಂಡಿ ಕಡೆಯೋ ಹೊಲದ ದಾರಿಯಲ್ಲಿ ಓಡಾಡುವವರಿಗೆ ಇದು ಗೊತ್ತು. ಬೇಲಿಗೆ ಕಡಿದು ಹಾಕಿದ ಜಾಲಿ ಮುಳ್ಳು ದಾರಿಗೆ ಬಿದ್ದಿರುತ್ತದೆ. ಟೈರಿಗೆ ಹೊಕ್ಕು, ಹೊರಗಿನ ತುದಿ ಮುರಿದು, ಒಳಗಿನ ತುದಿ ಅಲ್ಲೇ ಉಳಿಯುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಟ್ಯೂಬ್ ಇರುವ ಹಳೆಯ ಗಾಡಿಯಾದರೆ ಪ್ಯಾಚ್ ಹಾಕಿಸಿದ ಮೂರನೇ ದಿನ ಅದೇ ಮುಳ್ಳು ಮತ್ತೆ ಚುಚ್ಚುತ್ತದೆ. ಅಂಗಡಿಯವರ ಪ್ಯಾಚ್ ಸರಿಯಿಲ್ಲ ಅಂತ ಜಗಳ ಬೇರೆ. ಟ್ಯೂಬಿನ ತೂತು ವಾಲ್ವ್‌ನಿಂದ ಎಷ್ಟು ದೂರ ಇದೆ ಅಂತ ಅಳೆದು, ಟೈರಿನಲ್ಲಿ ಅಷ್ಟೇ ದೂರದಲ್ಲಿ ಹುಡುಕಿಸಿ. ಒಳಗೆ ಬರಿ ಕೈ ಆಡಿಸಬೇಡಿ. ಬಟ್ಟೆ ಮುದ್ದೆ ಮಾಡಿ ಒಳಮೈಗೆ ಸವರಿ. ಮುಳ್ಳಿದ್ದರೆ ಬಟ್ಟೆಗೆ ಸಿಕ್ಕುತ್ತದೆ.

ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಅಥವಾ ಮುಳ್ಳು ಕಂಡ ತಕ್ಷಣ ಕೀಳಬೇಡಿ. ತೂತನ್ನು ಮುಚ್ಚಿಕೊಂಡಿರುವುದೇ ಅದು. ಹವಾ ಅಳೆದು, ಕಡಿಮೆ ಇದ್ದರೆ ತುಂಬಿಸಿ, ನಿಧಾನಕ್ಕೆ ಅಂಗಡಿ ಮುಟ್ಟಿ, ಅಲ್ಲೇ ತೆಗೆಸಿ. ಟ್ಯೂಬ್ ಇರುವ ಗಾಡಿಯಾದರೆ ಉಲ್ಟಾ: ಹವಾ ಪೂರ್ತಿ ಇಳಿದ ಮೇಲೆ ಹತ್ತು ಮಾರು ಓಡಿಸಿದರೂ ಟ್ಯೂಬ್ ವಾಲ್ವ್ ಬುಡದಲ್ಲಿ ಹರಿಯುತ್ತದೆ. ಇಳಿದು ತಳ್ಳಿ.

ಬತ್ತಿ ಹಾಕುವುದು ನೆಲ ಮುಟ್ಟುವ ಭಾಗಕ್ಕೆ ಮಾತ್ರ, ಅದೂ ತೂತು ಮೊಳೆ ಗಾತ್ರದ್ದಿದ್ದರೆ. ಟೈರಿನ ಗೋಡೆಗೆ ಚುಚ್ಚಿದ್ದರೆ ಬತ್ತಿ ನಿಲ್ಲುವುದಿಲ್ಲ. ಗೋಡೆ ಪ್ರತಿ ಸುತ್ತಿಗೂ ಬಗ್ಗಿ ಏಳುತ್ತಿರುತ್ತದೆ, ಅದು ಬತ್ತಿಯನ್ನು ಹೊರಗೆ ತಳ್ಳುತ್ತದೆ. ಆ ಟೈರ್ ಮುಗಿದ ಹಾಗೆಯೇ.

ಟೈರಿನೊಳಗೆ ಹಾಕುವ ಸೀಲೆಂಟ್ ದ್ರವದ ಬಗ್ಗೆ ಎಲ್ಲರೂ ಕೇಳುತ್ತಾರೆ. ದಿನಾ ಹೊಲಕ್ಕೆ ಹೋಗುವವರಿಗೆ ಅದು ಉಪಯೋಗವೇ. ಸಣ್ಣ ಮುಳ್ಳಿನ ತೂತು ತಾನೇ ಮುಚ್ಚುತ್ತದೆ. ಊರೊಳಗೆ ಡಾಂಬರು ರಸ್ತೆಯಲ್ಲಿ ಓಡಾಡುವವರಿಗೆ ಬೇಡ. ಹಾಕಿಸಿದರೆ ಎರಡು ನೆನಪಿಡಿ: ಹವಾ ಅಳೆಯುವಾಗ ವಾಲ್ವ್ ಮೇಲ್ಗಡೆ ಇರಲಿ, ಇಲ್ಲದಿದ್ದರೆ ದ್ರವ ಗೇಜಿಗೆ ನುಗ್ಗುತ್ತದೆ. ಟೈರ್ ಬಿಚ್ಚುವವರಿಗೆ ಮೊದಲೇ ಹೇಳಿ. ಹವಾ ತಾನೇ ಇಳಿಯದ ಕಾರಣ ಒಳಗೆ ಎಷ್ಟು ಮುಳ್ಳಿದೆ ಅಂತ ಗೊತ್ತಾಗದೇ ಇರುವುದು ಇದರ ಇನ್ನೊಂದು ಮುಖ. ತಿಂಗಳಿಗೊಮ್ಮೆ ಟೈರ್ ಮೇಲ್ಮೈ ಕಣ್ಣಾರೆ ನೋಡಿ.

"ಹ್ಯಾಂಡಲ್ ಭಾರ ಆಗ್ಯದ, ಗಾಡಿ ಎಳೀವಲ್ದು"

ಮುಂದಿನ ಟೈರಿನಲ್ಲಿ ಹವಾ ಕಡಿಮೆ ಇದ್ದರೆ ನಿಧಾನಕ್ಕೆ ತಿರುಗಿಸುವಾಗ ಹ್ಯಾಂಡಲ್ ಭಾರ ಅನಿಸುತ್ತದೆ. ಹಿಂದೆ ಕಡಿಮೆ ಇದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಪಿಕಪ್ ಇಲ್ಲ ಅನಿಸುತ್ತದೆ. ಅಳೆದು ತುಂಬಿಸಿ. ಸರಿಯಾದರೆ ಅಲ್ಲಿಗೆ ಮುಗಿಯಿತು.

ಹವಾ ಸರಿಯಿದ್ದೂ ಭಾರ ಇದ್ದರೆ ಟೈರನ್ನು ಬಿಟ್ಟು ಬ್ರೇಕ್ ನೋಡಿ. ನಡುವಿನ ಸ್ಟ್ಯಾಂಡ್ ಹಾಕಿ, ಹಿಂದೆ ಯಾರಾದರೂ ಒತ್ತಿ ಹಿಡಿದರೆ ಮುಂದಿನ ಗಾಲಿ ಮೇಲೇಳುತ್ತದೆ. ಕೈಯಿಂದ ತಿರುಗಿಸಿ. ಸಲೀಸಾಗಿ ಕೆಲವು ಸುತ್ತು ತಿರುಗಬೇಕು. ಒಂದೇ ಸುತ್ತಿಗೆ ನಿಂತರೆ, ಕರಕರ ಸದ್ದು ಬಂದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗಿದೆ. ಮೆಕ್ಯಾನಿಕ್ ಕೆಲಸ ಅದು.

"ಗಾಡಿ ಅಲ್ಲಾಡ್ತದ"

ಎಲ್ಲಿ ಅಲ್ಲಾಡುತ್ತದೆ ಅನ್ನುವುದೇ ಅರ್ಧ ಉತ್ತರ. ತಿರುವಿನಲ್ಲಿ ಹಿಂಭಾಗ ಜಾರಿದಂತೆ, ತೂಗಿದಂತೆ ಆದರೆ ಹಿಂದಿನ ಹವಾ. ಹಿಂದೆ ಜನ ಕೂತಾಗ ಮಾತ್ರ ಹೀಗಾದರೆ ಇನ್ನೂ ಖಾತ್ರಿ. ಒಬ್ಬರಿಗೆ ಸಾಕಾಗುವ ಹವಾದಲ್ಲಿ ಇಬ್ಬರನ್ನು ಕೂರಿಸಿ, ಕಾಲಿನ ಹತ್ತಿರ ಜೋಳದ ಚೀಲ ಇಟ್ಟು ಸೋಲಾಪುರ ರಸ್ತೆಗೆ ಹೊರಟರೆ ಟೈರ್ ಏನು ಮಾಡೀತು?

ಹವಾ ಸರಿಯಿದ್ದೂ ಹಿಂಭಾಗ ತೂಗಿದರೆ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಬಲ ಜಗ್ಗಿ. ಗಾಲಿ ಮಾತ್ರ ಟಕಟಕ ಅಂದರೆ ಬೇರಿಂಗ್ ಅಥವಾ ಆಕ್ಸಲ್ ನಟ್. ಗಾಲಿ ಜೊತೆ ಎಂಜಿನ್ ಪೂರ್ತಿ ಆಡಿದರೆ ಎಂಜಿನ್ ಬುಷ್ (ಎಂಜಿನ್ ಕೂರಿಸಿದ ಕಡೆಯ ರಬ್ಬರ್) ಹೋಗಿದೆ. ನಟ್ ಸಡಿಲ ಇದ್ದರೆ ಗಾಡಿ ಓಡಿಸಲೇಬೇಡಿ. ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ.

40ರ ಆಸುಪಾಸಿನ ವೇಗದಲ್ಲಿ ಹ್ಯಾಂಡಲ್ ನಡುಗಿದರೆ ಮುಂದಿನ ಹವಾ, ಮುಂದಿನ ಟೈರಿನ ಏರುಪೇರು ಸವೆತ, ರಿಮ್ ಬಾಗು, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಸಡಿಲ, ಈ ಕ್ರಮದಲ್ಲಿ ನೋಡಿ. ರಿಮ್ ಬಾಗು ತಿಳಿಯುವುದು ಸುಲಭ. ಗಾಲಿ ತಿರುಗಿಸಿ, ಒಂದು ಪೆನ್ನನ್ನು ರಿಮ್ಮಿನ ಹತ್ತಿರ ಅಲ್ಲಾಡದಂತೆ ಹಿಡಿದು ನೋಡಿ. ಒಮ್ಮೆ ಹತ್ತಿರ ಒಮ್ಮೆ ದೂರ ಹೋದರೆ ಬಾಗಿದೆ. ಪರೀಕ್ಷೆಗೆ ಅಂತ ಓಡುವಾಗ ಎರಡೂ ಕೈ ಬಿಡುವ ಸಾಹಸ ಬೇಡ.

"ಟೈರ್ ಭಾಳ ಲಗೂ ಸವೀತು"

ಸವೆದ ಟೈರ್ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಎರಡೂ ಅಂಚು ಸವೆದು ನಡುವೆ ಗೆರೆ ಚೆನ್ನಾಗಿದ್ದರೆ ಹವಾ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಮಾತ್ರ ಬೋಳಾಗಿದ್ದರೆ ಹವಾ ಜಾಸ್ತಿ. ಆದರೆ ಹಿಂದಿನ ಟೈರಿಗೆ ಇದನ್ನು ಸ್ವಲ್ಪ ಯೋಚಿಸಿ ಹೇಳಬೇಕು. ನೇರ ರಸ್ತೆಯಲ್ಲೇ ಓಡುವ ಗಾಡಿಯಲ್ಲಿ ಹಿಂದಿನ ಟೈರ್ ನಡುವೆ ಸವೆಯುವುದು ಸಹಜ. ನಮ್ಮ ಜಿಲ್ಲೆಯ ರಸ್ತೆಗಳು ಬಹಳಷ್ಟು ಬಯಲಲ್ಲಿ ನೆಟ್ಟಗೆ ಹೋಗುವಂಥವೇ ಅಲ್ವಾ? ಹಿಂದಿನ ಸಣ್ಣ ಗಾಲಿ ಹೆಚ್ಚು ಸುತ್ತು ತಿರುಗುತ್ತದೆ, ಎಂಜಿನ್ ಭಾರ ಹೊರುತ್ತದೆ, ಎಳೆಯುವುದೂ ಅದೇ. ಮುಂದಿನದಕ್ಕಿಂತ ಮೊದಲು ಅದು ಮುಗಿದರೆ ಆಶ್ಚರ್ಯ ಬೇಡ.

ಒಂದೇ ಬದಿ ಸವೆದರೆ ಗಾಲಿ ನೆಟ್ಟಗಿಲ್ಲ. ಬಿದ್ದ ಗಾಡಿಗಳಲ್ಲಿ ಇದು ಹೆಚ್ಚು. ಮುಂದಿನ ಟೈರಿನಲ್ಲಿ ಅಲ್ಲಲ್ಲಿ ತಗ್ಗು ದಿಬ್ಬ ಇದ್ದರೆ ಶಾಕ್ ಅಬ್ಸಾರ್ಬರ್ ಹೋಗಿರುವ ಸಾಧ್ಯತೆ ಇದೆ. ಎರಡಕ್ಕೂ ಕಾರಣ ಸರಿ ಮಾಡಿಸದೆ ಹೊಸ ಟೈರ್ ಹಾಕಬೇಡಿ, ಅದೂ ಹಾಗೇ ಆಗುತ್ತದೆ.

ಯಾವಾಗ ಬದಲಿಸಬೇಕು? ಟೈರಿನ ಗೋಡೆಯ ಮೇಲ್ಭಾಗದಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಅಂತ ಗುರುತು ಇರುತ್ತದೆ. ಅದರ ನೇರಕ್ಕೆ ಗೆರೆಯ ತಳದಲ್ಲಿ ಒಂದು ಸಣ್ಣ ಉಬ್ಬುಪಟ್ಟಿ ಇದೆ. ಸುತ್ತಲಿನ ರಬ್ಬರ್ ಸವೆದು ಆ ಪಟ್ಟಿಗೆ ಸಮ ಆದರೆ ಟೈರ್ ಮುಗಿಯಿತು. ಮೋಟಾರು ವಾಹನ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿನಲ್ಲಿ ಗೆರೆಯ ಆಳ ಕನಿಷ್ಠ 0.8 ಮಿ.ಮೀ. ಇರಬೇಕು. ನಾನಾದರೆ ಅಷ್ಟು ದಿನ ಕಾಯುವುದಿಲ್ಲ. ಬೇಸಿಗೆಯಲ್ಲಿ ಅಂಥ ಟೈರ್ ಹೇಗೋ ನಡೆಯುತ್ತದೆ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಎರಿ ಮಣ್ಣು ಎರಡೂ ಸೇರಿದಾಗ ಜಾರುತ್ತದೆ. ಜೂನ್‌ಗೆ ಮುಂಚೆ ಬದಲಿಸಿ.

ಗೆರೆ ಚೆನ್ನಾಗಿದ್ದೂ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ತುಂಬಿದ್ದರೆ ಟೈರಿಗೆ ವಯಸ್ಸಾಗಿದೆ. ಕಡಿಮೆ ಓಡುವ, ಬಿಸಿಲಲ್ಲೇ ನಿಲ್ಲುವ ಗಾಡಿಗಳಲ್ಲಿ ಇದು ಜಾಸ್ತಿ. ಮೇಲ್ಮೈಯ ಸಣ್ಣ ಬಿರುಕಿಗೆ ಗಾಬರಿ ಬೇಡ, ಕಣ್ಣಿಟ್ಟಿರಿ. ಬಿರುಕಿಗೆ ಉಗುರು ಹೋಗುವಷ್ಟಾದರೆ ತೆಗೆಸಿ.

ಇದು ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ

ಗೋಡೆಯಲ್ಲಿ ಲಿಂಬೆಹಣ್ಣಿನಷ್ಟೋ ಅರ್ಧದಷ್ಟೋ ಉಬ್ಬು ಬಂದಿದ್ದರೆ ಒಳಗಿನ ನೂಲು ಹರಿದಿದೆ, ಬರಿ ರಬ್ಬರ್ ಹವಾ ತಡೆದಿದೆ. ಯಾವಾಗ ಸಿಡಿಯುತ್ತದೋ ಹೇಳಲಾಗದು. ಹವಾ ಸ್ವಲ್ಪ ಬಿಟ್ಟರೆ ಸರಿಯಾಗುತ್ತದೆ ಅನ್ನುವುದು ತಪ್ಪು. ನೂಲು ಕಾಣುವಂತೆ ಸವೆದಿದ್ದರೆ, ಗೋಡೆ ಸೀಳಿದ್ದರೆ, ಹವಾ ಇಲ್ಲದೆ ತುಂಬಾ ದೂರ ಓಡಿಸಿದ್ದರೆ ಕೂಡ ಅಷ್ಟೇ. ಕೊನೆಯದು ಹೊರಗೆ ಕಾಣುವುದಿಲ್ಲ. ಟೈರ್ ಬಿಚ್ಚಿಸಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದರೆ ಗೋಡೆ ಒಳಗಿಂದ ಹಾಳಾಗಿದೆ. ಪಂಕ್ಚರ್ ಹಾಕಿಸಿ ಮತ್ತೆ ಬಳಸಬೇಡಿ.

ಓಡುತ್ತಿರುವಾಗಲೇ ಹವಾ ಹೋದರೆ ಹ್ಯಾಂಡಲ್ ನೆಟ್ಟಗೆ ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರ್ ಬಿಡಿ. ಬ್ರೇಕ್ ಜಗ್ಗಬೇಡಿ. ಈಗಿನ ಸ್ಕೂಟರ್‌ಗಳಲ್ಲಿ ಎಡಗೈ ಬ್ರೇಕ್ ಒತ್ತಿದರೆ ಸಾಮಾನ್ಯವಾಗಿ ಮುಂದಿನ ಗಾಲಿಯೂ ಸ್ವಲ್ಪ ಹಿಡಿಯುತ್ತದೆ. ಹೋಗಿರುವುದು ಮುಂದಿನ ಹವಾ ಆದರೆ ಗಾಡಿ ಉರುಳುತ್ತದೆ. ವೇಗ ತಾನಾಗಿ ಇಳಿದ ಮೇಲೆ ಮೆಲ್ಲಗೆ ಒತ್ತಿ ಬದಿಗೆ ಬನ್ನಿ. ಹೆದ್ದಾರಿಯಲ್ಲಿ ರಾತ್ರಿ ನಿಂತರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿ. ಕಬ್ಬಿನ ಟ್ರ್ಯಾಕ್ಟರ್ ಹಿಂದಿನ ಟ್ರೇಲರ್‌ಗೆ ಎಷ್ಟೋ ಸಲ ದೀಪವೇ ಇರುವುದಿಲ್ಲ, ಅದು ನಿಮ್ಮನ್ನು ತಪ್ಪಿಸಿ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ.

ಹೊಸ ಟೈರೇ ಬೇಕಾದರೆ

ಅಳತೆ ಬದಲಿಸಬೇಡಿ. ಹಳೆಯ ಟೈರಿನ ಮೇಲೆ 90/100-10 53ಜೆ ಅಂತ ಇದ್ದರೆ ಅಗಲ 90 ಮಿ.ಮೀ., ಎತ್ತರ ಅಗಲದ ನೂರಕ್ಕೆ 100 ಅಂದರೆ ಅಗಲದಷ್ಟೇ, ರಿಮ್ 10 ಇಂಚು. 53 ಅಂದರೆ 206 ಕೆಜಿ ಹೊರುತ್ತದೆ, ಜೆ ಅಂದರೆ ಗಂಟೆಗೆ 100 ಕಿ.ಮೀ. ವರೆಗೆ. ಭಾರದ ಅಂಕಿ ಇದಕ್ಕಿಂತ ಕಡಿಮೆ ಇರುವುದು ಬೇಡ. ಅಗಲ ಟೈರ್ ಹಾಕಿದರೆ ನೋಡಲು ಚೆಂದ, ಆದರೆ ಮಡ್‌ಗಾರ್ಡ್‌ಗೋ ಎಂಜಿನ್ನಿಗೋ ತಾಗುತ್ತದೆ.

ಐಎಸ್‌ಐ ಗುರುತು ನೋಡಿ. ದ್ವಿಚಕ್ರ ಟೈರಿಗೆ ಐಎಸ್ 15627 ಅನ್ನುವ ಸಂಖ್ಯೆ ಇರುತ್ತದೆ. ಆಮೇಲೆ ನಾಲ್ಕು ಅಂಕಿಯ ತಯಾರಿ ದಿನಾಂಕ. 2324 ಅಂದರೆ 2024ರ 23ನೇ ವಾರ. ಅಂಗಡಿಯಲ್ಲಿ ಎರಡು ಮೂರು ವರ್ಷ ಕೂತ ಟೈರನ್ನು ರಿಯಾಯಿತಿ ಆಸೆಗೆ ತರಬೇಡಿ. ಬೇರೆ ಟೈರ್ ಕೊಡಿ ಅಂತ ಕೇಳುವುದಕ್ಕೆ ಸಂಕೋಚ ಬೇಡ, ದುಡ್ಡು ನಿಮ್ಮದು. ರಬ್ಬರ್ ಮತ್ತೆ ಹಚ್ಚಿದ ಹಳೆಯ ಟೈರ್ ಸ್ಕೂಟರಿಗೆ ಬೇಡವೇ ಬೇಡ. ನೈಟ್ರೋಜನ್‌ಗೆ ಜಾಸ್ತಿ ದುಡ್ಡು ಕೊಡುವುದೂ ನನ್ನ ಪ್ರಕಾರ ದಂಡ. ಸಾದಾ ಹವಾದಲ್ಲೇ 78 ಭಾಗ ನೈಟ್ರೋಜನ್ ಇದೆ, ಅದು ಪೆಟ್ರೋಲ್ ಬಂಕಿನಲ್ಲಿ ಬಿಟ್ಟಿ ಸಿಗುತ್ತದೆ.

ಕೂರಿಸುವಾಗ ಗೋಡೆಯ ಮೇಲಿನ ಬಾಣದ ಗುರುತು ಗಾಲಿ ಮುಂದೆ ತಿರುಗುವ ದಿಕ್ಕಿಗೆ ಇದೆಯೇ ನೋಡಿಕೊಳ್ಳಿ. ಅಂಚು ರಿಮ್ಮಿಗೆ ಕೂರುವಾಗ ಢಬ್ ಅಂತ ಸದ್ದು ಬರುತ್ತದೆ, ಆಗ ಮುಖ ಹತ್ತಿರ ಇಟ್ಟುಕೊಳ್ಳಬೇಡಿ. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ಮೊದಲ 150 ಕಿ.ಮೀ. ತಿರುವಿನಲ್ಲಿ ಜಾಸ್ತಿ ವಾಲಬೇಡಿ, ಗಬಕ್ಕನೆ ಬ್ರೇಕ್ ಹಾಕಬೇಡಿ. ಕೂರಿಸಿದ ಮರುದಿನ ಬೆಳಿಗ್ಗೆ ನಿಮ್ಮ ಗೇಜಿನಿಂದ ಒಮ್ಮೆ ಅಳೆಯಿರಿ. ಕಂಪ್ರೆಸರ್‌ನಿಂದ ಬಂದ ಬಿಸಿ ಹವಾ ಆರಿ ಒಂದು ಪಿಎಸ್‌ಐ ಇಳಿದಿದ್ದರೆ ತುಂಬಿಸಿದರಾಯಿತು. ಐದಾರು ಇಳಿದಿದ್ದರೆ ಅಂಚು ಸರಿಯಾಗಿ ಕೂತಿಲ್ಲ, ಅದೇ ಅಂಗಡಿಗೆ ಅವತ್ತೇ ವಾಪಸ್ ಒಯ್ಯಿರಿ.